ಟೋಸ್ಟಿನ ಮಧ್ಯೆ ಪಪ್ಪನ ಗೊರಕೆ

ಓಯ್! ಹೌದು, ನಿಮ್ಮನ್ನೇ ಕರೆದದ್ದು! ಸ್ಕೂಟರ್ ಸ್ವಲ್ಪ ಆ ಬದಿಗೆ ನಿಲ್ಲಿಸಿ, ಮೀನಿನ ಚೀಲ ಹ್ಯಾಂಡಲ್‌ಗೆ ಸಿಕ್ಕಿಸಿ, ಇತ್ತ ಕಿವಿ ಕೊಡಿ. ಈ ಗುಂಪಿನಲ್ಲಿ ನನ್ನ, ಅಂದರೆ ಆನ್ಸಿಯ, ವಾಯ್ಸ್ ನೋಟ್ ಉದ್ದ ಎಂದು ಸ್ಪೀಡ್ ಜಾಸ್ತಿ ಮಾಡಿ ಕೇಳುವವರೆಲ್ಲ ಇವತ್ತು ದಯವಿಟ್ಟು ಮಾಮೂಲಿ ಸ್ಪೀಡಿನಲ್ಲೇ ಕೇಳಬೇಕು. ನಗು ಬಂದರೆ ನಗಿ, ಅಡ್ಡಿಯಿಲ್ಲ. ಈಗ ನಾನೂ ನಗುತ್ತಿದ್ದೇನೆ. ಮೊನ್ನೆ ನಗಲಿಲ್ಲ.

ಮೊದಲು ಒಂದು ಘೋಷಣೆ. ಕಳೆದ ತಿಂಗಳು ನಾನು ನಮ್ಮ ಮನೆಯ ಆರೋಗ್ಯ ಮಂತ್ರಿಯಾದೆ! ಚುನಾವಣೆ ಇಲ್ಲ, ಪ್ರಮಾಣವಚನ ಇಲ್ಲ. ಊಟದ ಮೇಜಿನಲ್ಲಿ ಎದ್ದು ನಿಂತು, ಇನ್ನು ಮುಂದೆ ಪಪ್ಪನನ್ನು ಯಾವಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಯಾವಾಗ ಬೇಡ ಎಂದು ನಿರ್ಧರಿಸುವವಳು ನಾನೊಬ್ಬಳೇ ಎಂದು ಸಾರಿದೆ. ಮಮ್ಮಿ ಸಾರು ಬಡಿಸುವುದನ್ನು ನಿಲ್ಲಿಸಲಿಲ್ಲ. ಆದರೂ ವಿರೋಧ ಬರಲಿಲ್ಲವಾದ್ದರಿಂದ ಅಂಗೀಕಾರವಾಯಿತೆಂದೇ ತಿಳಿದೆ.

ಅದಕ್ಕೆ ಮೊದಲು ಈ ಖಾತೆ ಸಿಂಥಿಯಾ ಆಂಟಿಯ ಕೈಯಲ್ಲಿತ್ತು. ಆಂಟಿ ಪಪ್ಪನ ತಂಗಿ, ಕುವೈತ್‌ನಲ್ಲಿ ನರ್ಸ್. ಕುಟುಂಬದಲ್ಲಿ ಒಬ್ಬರು ನರ್ಸ್ ಇದ್ದರೆ ಏನಾಗುತ್ತದೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ! ಜ್ವರ ಬಂದರೆ ಕುವೈತ್‌ಗೆ ಫೋನ್, ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದರೆ ಕುವೈತ್‌ಗೆ ಫೋನ್. ಆಂಟಿ ಡ್ಯೂಟಿಯಲ್ಲಿದ್ದರೆ ನಮ್ಮ ಕಾಯಿಲೆ ಅವರ ಶಿಫ್ಟ್ ಮುಗಿಯುವವರೆಗೆ ತಾಳ್ಮೆಯಿಂದ ಕಾಯಬೇಕು.

ಈಗ ಕಾಯಿಲೆ ಇರುವುದು ಪಪ್ಪನಿಗೆ. ಹೆಸರು ಸ್ಲೀಪ್ ಅಪ್ನಿಯಾ. ನಿದ್ರೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಮತ್ತೆ ಒಂದು ದೊಡ್ಡ ಗೊರಕೆಯೊಂದಿಗೆ ಮರಳಿ ಬರುತ್ತದೆ. ಹೋದ ವರ್ಷವೇ ಪರೀಕ್ಷೆ ಮಾಡಿದ ಡಾಕ್ಟರು ಮಲಗುವಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳಬೇಕು, ಒಂದು ಮೆಷಿನ್ ಒಳಗೆ ಗಾಳಿ ದೂಡುತ್ತದೆ ಎಂದಿದ್ದರು. ಮೆಷಿನ್ ತಂದೆವು. ಅದು ಎಲ್ಲಿತ್ತು? ಶೋಕೇಸಿನಲ್ಲಿ! ಪಪ್ಪ ದೋಹಾದಲ್ಲಿ ಅರ್ಧ ಆಯುಷ್ಯ ಕಳೆದು ಬಂದ ಮನುಷ್ಯ. ಅಲ್ಲಿಂದ ತಂದ ಡಿನ್ನರ್ ಸೆಟ್ ಇವತ್ತಿನವರೆಗೆ ಒಂದು ಅಗುಳು ಅನ್ನ ಕಂಡಿಲ್ಲ. ಸೆಂಟಿನ ಬಾಟಲಿಗಳು ಅಂಗಿ ಕಂಡಿಲ್ಲ. ಒಳ್ಳೆಯ ವಸ್ತುವನ್ನು ಬಳಸಿದರೆ ಹಾಳಾಗುತ್ತದೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ಉಸಿರಾಟದ ಮೆಷಿನ್ ಕೂಡ ಗಾಜಿನ ಹಿಂದೆ, ಪಿಂಗಾಣಿ ಕುದುರೆಗೂ ಚಿನ್ನದ ಬಣ್ಣದ ಒಂಟೆಗೂ ನಡುವೆ, ಪ್ಲಾಸ್ಟಿಕ್ ಕವರು ಸಮೇತ ವಿರಾಜಮಾನವಾಗಿತ್ತು. ಬಂದ ನೆಂಟರು ಅದೇನೆಂದು ಕೇಳಿದರೆ ಪಪ್ಪ ಗಂಭೀರವಾಗಿ "ಇಂಪೋರ್ಟೆಡ್" ಎನ್ನುತ್ತಿದ್ದರು. ಅಷ್ಟಕ್ಕೇ ವಿಷಯ ಮುಗಿಯುತ್ತಿತ್ತು.

ಮೆಷಿನ್ ಶೋಕೇಸಿನಲ್ಲಿ ಆರಾಮವಾಗಿತ್ತು, ಪಪ್ಪ ಆರಾಮವಾಗಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು. ಪೇಪರ್ ಬಿಡಿಸಿದರೆ ನಿದ್ರೆ. ಒಂದು ಮಧ್ಯಾಹ್ನ ಬಂಗುಡೆಯ ಮುಳ್ಳು ಬಿಡಿಸುತ್ತಾ ಬಿಡಿಸುತ್ತಾ, ಬಂಗುಡೆಯನ್ನು ಕೈಯಲ್ಲಿ ಹಿಡಿದೇ ನಿದ್ರೆಹೋದರು. ಬೆಕ್ಕು ಬಂದು ಬಂಗುಡೆ ತಿಂದು, ಬೆರಳು ನೆಕ್ಕಿ, ಮೀಸೆ ಒರೆಸಿಕೊಂಡು ಹೋಯಿತು. ಪಪ್ಪನಿಗೆ ಎಚ್ಚರವಿಲ್ಲ. ಎದ್ದ ಮೇಲೆ ಖಾಲಿ ಕೈ ನೋಡಿ, ತಾನೇ ತಿಂದೆನೆಂದುಕೊಂಡು ಕೈ ತೊಳೆಯಲು ಹೋದರು.

ಇದನ್ನು ಕೇಳಿ ಸಿಂಥಿಯಾ ಆಂಟಿ ಗಾಬರಿಯಾಗಿ, ಪಪ್ಪ ಮಧ್ಯಾಹ್ನ ಮಲಗಿದಾಗ ವಿಡಿಯೋ ಕಾಲ್ ಮಾಡಲು ಹೇಳಿದರು. ಉಸಿರು ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಬೇಕಂತೆ. ಇಡ್ಲಿಯಂಥ ಸಾನ್ನ ಮತ್ತು ಹಂದಿ ಬಫಾತ್ ಸಾರು ಹೊಡೆದು ಪಪ್ಪ ಮಲಗಿದರು. ನಾನು ಫೋನ್ ಹಿಡಿದೆ. ಉಸಿರು ನಿಂತಿತು. ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸುವುದರಿಂದ ಹಿಡಿದು ಎಲ್ಲದಕ್ಕೂ ಪ್ರಾರ್ಥನೆಯೇ ಗಡಿಯಾರ. ಮಮ್ಮಿ ಇಲ್ಲಿ 'ನಮಾನ್ ಮರಿಯೆ' ಶುರು ಮಾಡಿದರು, ಆಂಟಿ ಅಲ್ಲಿ ಶುರು ಮಾಡಿದರು. ಗೊರಕೆ ಮರಳಿ ಬಂದಾಗ ಮಮ್ಮಿಯ ಲೆಕ್ಕದಲ್ಲಿ ಮೂರು ನಮಾನ್ ಮರಿಯೆ ಮುಗಿದಿತ್ತು, ಆಂಟಿಯ ಲೆಕ್ಕದಲ್ಲಿ ಒಂದೂ ಪೂರ್ತಿಯಾಗಿರಲಿಲ್ಲ. ಮಮ್ಮಿ ದಿನಾ ರೋಜರಿ ಹೇಳಿ ಹೇಳಿ ಎಕ್ಸ್‌ಪ್ರೆಸ್ ಬಸ್ಸಿನ ವೇಗ ಸಾಧಿಸಿದವರು, ಆಂಟಿ ಪ್ರತಿ ಅಕ್ಷರಕ್ಕೂ ಸ್ಟಾಪ್ ಕೊಡುವವರು. ದೇವರಿಗೆ ಯಾವುದು ಸಲ್ಲುತ್ತದೆ ಎಂಬ ವಿಷಯಕ್ಕೆ ಅತ್ತಿಗೆ ನಾದಿನಿಯರ ನಡುವೆ ಭಯಂಕರ ಚರ್ಚೆಯಾಯಿತು. ಆಂಟಿ ಕೊನೆಗೆ, ವೇಗ ಹೇಗೇ ಇರಲಿ, ಈ ವಾರವೇ ಡಾಕ್ಟರಿಗೆ ತೋರಿಸಿ, ಇವತ್ತಿನಿಂದಲೇ ಮೆಷಿನ್ ಹಾಕಿಸಿ ಎಂದರು. ಆ ಮಾತನ್ನು ಜಗಳದ ಮಧ್ಯೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗಲೇ ನಾನು ಖಾತೆ ವಹಿಸಿಕೊಂಡದ್ದು. ಇಂಟರ್ನೆಟ್ಟಿನಲ್ಲಿ ಒಂದು ಸಂಜೆ ಪೂರ್ತಿ ಓದಿ, ಸಿಗ್ನಲ್ ಪದ್ಧತಿ ಜಾರಿಗೆ ತಂದೆ. ಬರೀ ಗೊರಕೆ ಹಸಿರು. ತಲೆನೋವು, ಹಗಲು ನಿದ್ರೆ ಹಳದಿ. ಎದೆನೋವು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಎದ್ದು ಏನೇನೋ ಮಾತಾಡುವುದು ಕೆಂಪು. ಕೆಂಪು ಬಂದರೆ ಆ ಕ್ಷಣ ಆಸ್ಪತ್ರೆ, ಮಾತಿಲ್ಲ!

ಪಪ್ಪ ಕೇಳಿದರು, "ಹಾಗಾದ್ರೆ ನನ್ನ ತಲೆನೋವು ಹಳದಿಯಾ?"

"ಹಳದಿ."

"ಬಂಗುಡೆ?"

"ಅದೂ ಹಳದಿ, ಪಪ್ಪಾ."

"ಹಳದಿ ಅಂದ್ರೆ ಸ್ವಲ್ಪ ಕಾಯ್ಬಹುದಲ್ಲ, ಪುತಾ? ಬ್ರಯಾನ್‌ನ ಮದುವೆ ಆಗ್ಲಿ. ಟೋಸ್ಟ್ ಹೇಳ್ಲಿಕ್ಕೆ ನಾನು ಒಪ್ಪಿ ಆಗಿದೆ."

ಬ್ರಯಾನ್ ಮಮ್ಮಿಯ ಅಣ್ಣನ ಮಗ. ನಾನು ಮಂತ್ರಿಯ ಔದಾರ್ಯದಿಂದ ಒಪ್ಪಿಗೆ ಕೊಟ್ಟೆ. ಅಲ್ಲಿಗೆ ಡಾಕ್ಟರ ಭೇಟಿ ಮದುವೆಯ ಆಚೆಗೆ ಹೋಯಿತು.

ನಮ್ಮ ಮದುವೆಗಳಲ್ಲಿ ಟೋಸ್ಟ್ ಎಂದರೆ ಸಣ್ಣ ವಿಷಯವಲ್ಲ. ಕೇಕ್ ಕತ್ತರಿಸಿದ ಮೇಲೆ ಎಲ್ಲರ ಕೈಗೂ ಪುಟ್ಟ ಗ್ಲಾಸಿನಲ್ಲಿ ದ್ರಾಕ್ಷಿ ವೈನ್ ಬರುತ್ತದೆ. ಒಬ್ಬರು ಮೈಕ್ ಹಿಡಿದು ಮದುಮಕ್ಕಳನ್ನು ಹೊಗಳಿ ಹಾರೈಸುತ್ತಾರೆ. ಅವರು ಮುಗಿಸಿ ಗ್ಲಾಸ್ ಎತ್ತುವವರೆಗೆ ಯಾರೂ ಕುಡಿಯುವ ಹಾಗಿಲ್ಲ. ಬಿಕರ್ನಕಟ್ಟೆಯಿಂದ ಬೋಳಾರದವರೆಗೆ ಈ ಕೆಲಸಕ್ಕೆ ಲ್ಯಾನ್ಸಿ, ಅಂದರೆ ನಮ್ಮ ಪಪ್ಪ, ಪ್ರಸಿದ್ಧರು. ಅವರ ಟೋಸ್ಟ್ ಎಷ್ಟು ಉದ್ದವೆಂದರೆ ಅನುಭವಿಗಳು ಗ್ಲಾಸನ್ನು ಕೈಯಲ್ಲಿ ಹಿಡಿಯುವುದೇ ಇಲ್ಲ, ಮೇಜಿನ ಮೇಲಿಟ್ಟು ಕೂತಿರುತ್ತಾರೆ. ನಾನಂತೂ ಅವತ್ತು ಕದ್ದು ಎರಡು ಗುಟುಕು ಮುಗಿಸಿಯೇ ಬಿಟ್ಟಿದ್ದೆ.

ಮೊನ್ನೆ ಮಧ್ಯಾಹ್ನ, ಇಗರ್ಜಿಯ ಪಕ್ಕದ ಹಾಲ್‌ನಲ್ಲಿ, ಪಪ್ಪ ಬಲಗೈಯಲ್ಲಿ ಮೈಕ್, ಎಡಗೈಯಲ್ಲಿ ಗ್ಲಾಸ್ ಹಿಡಿದು ನಿಂತರು. ಬ್ರಯಾನ್ ಹುಟ್ಟಿದ ದಿನದ ಗಾಳಿಮಳೆಯಿಂದ ಶುರು ಮಾಡಿದರು. ಅವನು ಎರಡನೇ ಕ್ಲಾಸಿನಲ್ಲಿ ಟೀಚರಿಗೆ ಗುಲಾಬಿ ಕೊಟ್ಟದ್ದು ಬಂತು. "ಅಂಥ ಬ್ರಯಾನ್ ಇವತ್ತು..." ಎಂದು ಹೇಳಿ ನಿಲ್ಲಿಸಿದರು. ಕಣ್ಣು ಮುಚ್ಚಿತು. ತಲೆ ಸ್ವಲ್ಪ ಬಾಗಿತು.

ಆಹಾ, ಎಂಥ ಮೌನ! ಪಪ್ಪನಿಗೆ ಗಂಟಲು ಕಟ್ಟಿ ಬಂದಿದೆ ಎಂದು ಇಡೀ ಹಾಲ್ ಕರಗಿಹೋಯಿತು. ಮದುಮಗಳ ತಾಯಿ ಕರ್ಚೀಫು ತೆಗೆದರು. ಪಾದ್ರಿಗಳು ತಲೆ ತಗ್ಗಿಸಿದರು. ಕ್ಯಾಮರಾದವನು ಸದ್ದಿಲ್ಲದೆ ಹತ್ತಿರ ಬಂದು ಪಪ್ಪನ ಮುಖ ತುಂಬಾ ಹಿಡಿದ. ಮಮ್ಮಿಯ ತುಟಿ ಮಾತ್ರ ತನ್ನಷ್ಟಕ್ಕೆ ಅಲ್ಲಾಡತೊಡಗಿತು. ಅವರು ನಮಾನ್ ಮರಿಯೆ ಎಣಿಸುತ್ತಿದ್ದಾರೆಂದು ಗೊತ್ತಾಗಿ ನಾನು ಗ್ಲಾಸ್ ಕೆಳಗಿಟ್ಟೆ.

ಆಮೇಲೆ ಬಂತು. ಎರಡು ಆಳೆತ್ತರದ ಸ್ಪೀಕರುಗಳಲ್ಲಿ, ಬಾಸ್ ಸಮೇತ, ಪಪ್ಪನ ಗೊರಕೆ! ಕೇಕಿನ ಮೇಲಿನ ಸಕ್ಕರೆಯ ಗಂಡ ಹೆಂಡತಿ ಕೂಡ ನಡುಗಿದರು. ಬ್ಯಾಂಡಿನವರು ಮೈಕ್ ಕೆಟ್ಟಿತೆಂದು ವಯರ್ ಹುಡುಕತೊಡಗಿದರು.

ನಾನು ಗೌನ್ ಎತ್ತಿಕೊಂಡು ಸ್ಟೇಜಿಗೆ ಓಡಿದೆ. ಹೆಗಲು ಹಿಡಿದು ಅಲ್ಲಾಡಿಸಿದೆ. ಏಳಲಿಲ್ಲ. ಇನ್ನೂ ಜೋರಾಗಿ ಅಲ್ಲಾಡಿಸಿದೆ. ಪಪ್ಪ ಕಣ್ಣು ಬಿಟ್ಟು, ಎದುರು ಕೂತ ಜನಸಾಗರ ನೋಡಿ, ಗಂಟಲು ಸರಿ ಮಾಡಿಕೊಂಡು ಮೈಕಿನಲ್ಲಿ ಮುಂದುವರಿಸಿದರು:

"ಅಗಲಿದ ಆತ್ಮಕ್ಕೆ ದೇವರು ಶಾಂತಿ ಕೊಡಲಿ. ಕುಟುಂಬದ ಪರವಾಗಿ ಎಲ್ಲರಿಗೂ ಥ್ಯಾಂಕ್ಸ್. ಕಾಫಿ ತಿಂಡಿ ಹಿಂದೆ ಉಂಟು."

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕದ್ದು ಮದುಮಗಳು. ಲ್ಯಾನ್ಸಿಯ ಜೋಕ್ ಎಂದುಕೊಂಡು ಚಪ್ಪಾಳೆ ಬೇರೆ. ನಾನೂ ನಗಬೇಕೆಂದಿದ್ದೆ. ಅಷ್ಟರಲ್ಲಿ ಪಪ್ಪ ಮೈಕ್ ಕೆಳಗಿಳಿಸಿ ನನ್ನ ಕಿವಿಯ ಹತ್ತಿರ ಬಂದು ಕೇಳಿದರು.

"ಆನ್ಸಿ, ತೀರಿಕೊಂಡದ್ದು ಯಾರು?"

ಜೋಕ್ ಮಾಡುವಾಗ ಪಪ್ಪನ ಎಡಹುಬ್ಬು ಮೇಲೇರುತ್ತದೆ. ಅದು ಏರಿರಲಿಲ್ಲ.

ಮಮ್ಮಿ ಅಷ್ಟರಲ್ಲಿ ಸ್ಟೇಜಿಗೆ ಬಂದು, ಅವರ ತುಟಿಯ ಬಣ್ಣ ಯಾಕೆ ಹೀಗಾಗಿದೆ ಎಂದರು. ನೋಡಿದರೆ ಹೌದು, ನೇರಳೆ ಮಿಶ್ರಿತ ನೀಲಿ. ಮಂತ್ರಿಯಾದ ನಾನು ಕೂಡಲೇ ತೀರ್ಪು ಕೊಟ್ಟೆ. "ವೈನ್ ಕಲೆ, ಮಮ್ಮಿ. ನನ್ನ ತುಟಿಯೂ ಹಾಗೇ ಉಂಟು ನೋಡಿ." ಸಾಬೀತು ಮಾಡಲು ಟಿಶ್ಯೂ ತೆಗೆದು ಪಪ್ಪನ ತುಟಿ ಚೆನ್ನಾಗಿ ಉಜ್ಜಿದೆ. ಟಿಶ್ಯೂ ಬೆಳ್ಳಗೇ ಉಳಿಯಿತು. ಎಡಗೈಯ ಗ್ಲಾಸ್ ನೋಡಿದೆ. ತುಳುಕುವಷ್ಟು ತುಂಬಿತ್ತು. ಟೋಸ್ಟ್ ಮುಗಿಯದೆ ಟೋಸ್ಟ್ ಹೇಳುವವರು ಕುಡಿಯುವುದುಂಟೇ!

ಅದೇ ಹೊತ್ತಿಗೆ ನನ್ನ ಫೋನ್. ಮದುವೆಯ ಲೈವ್ ನೋಡುತ್ತಿದ್ದ ಸಿಂಥಿಯಾ ಆಂಟಿ. ಕ್ಯಾಮರಾದವನ ಕೃಪೆಯಿಂದ ಅವರಿಗೆ ಅಣ್ಣನ ತುಟಿ ಟಿವಿಯ ಅಗಲಕ್ಕೆ ಕಂಡಿತ್ತು.

"ಆನ್ಸಿ, ಈಗ್ಲೇ ಕ್ಯಾಶುವಾಲಿಟಿಗೆ ಹೊರಡಿ. ಊಟಕ್ಕೆ ನಿಲ್ಬೇಡಿ."

ಕೆಂಪು! ಅದೂ ಒಂದಲ್ಲ, ಮೂರು ಕೆಂಪು ಒಟ್ಟಿಗೆ! ನಾನು ಸೇನಾಧಿಪತಿಯಂತೆ ಗರ್ಜಿಸಿದೆ. ಬಿರಿಯಾನಿಯ ವಾಸನೆಗೆ ಹಿಂದೆ ತಿರುಗಿದ ಪಪ್ಪನನ್ನು ಎಳೆದೆ. ಯಾರೋ ಬರುತ್ತೇನೆಂದರು, ಯಾರೋ ಏನಾಯಿತೆಂದರು. ಮಾತಿಗೆ ಸಮಯವಿಲ್ಲ ಎಂದು ಎಲ್ಲರನ್ನೂ ಬದಿಗೆ ಸರಿಸಿದೆ. ಹೊರಗಿನ ಗಾಳಿಗೆ ಪಪ್ಪನಿಗೆ ಸ್ವಲ್ಪ ಚೇತರಿಕೆ ಬಂತು, ಮದುವೆ ಯಾರದ್ದೆಂದು ನೆನಪಾಯಿತು. ಕಾರು ಹೊರಟಿತು. ಮಮ್ಮಿ ನನ್ನ ಪಕ್ಕ ಜಪಸರ ಹಿಡಿದು ಕೂತಿದ್ದರು. ನಾನು ಒಂದು ಕೈಯಲ್ಲಿ ಆಂಟಿಗೆ ವರದಿ ಒಪ್ಪಿಸುತ್ತಾ, ಇನ್ನೊಂದು ಕೈಯಲ್ಲಿ ಮುಂದೆ ಕೂತ ಪಪ್ಪನ ಹೆಗಲು ತಟ್ಟುತ್ತಾ, ಮಲಗಬೇಡಿ ಪಪ್ಪಾ, ಮಾತಾಡ್ತಾ ಇರಿ ಎಂದು ಹುರಿದುಂಬಿಸುತ್ತಾ ನಂತೂರು ಸರ್ಕಲ್ ದಾಟಿಸಿದೆ. ನನ್ನ ಸಮಯಪ್ರಜ್ಞೆಗೆ ನನಗೇ ರೋಮಾಂಚನ!

ಕ್ಯಾಶುವಾಲಿಟಿಯಲ್ಲಿದ್ದವರು ಡಾಕ್ಟರ್ ಭವ್ಯಶ್ರೀ. ಬೆರಳಿಗೆ ಕ್ಲಿಪ್ ಹಾಕಿ, ಬಂದ ಆಕ್ಸಿಜನ್ ಅಂಕಿ ನೋಡಿ, ಹೆಚ್ಚು ಮಾತಾಡದೆ ಮಾಸ್ಕ್ ಹಾಕಿಸಿದರು. ರಕ್ತ ಪರೀಕ್ಷೆಗೆ ಕಳಿಸಿದರು. ಮಮ್ಮಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಜಪಸರದ ಮಣಿಗಳ ಅಚ್ಚು ನನ್ನ ಅಂಗೈಯಲ್ಲಿ ಈಗಲೂ ಉಂಟು. ನಿಧಾನಕ್ಕೆ ಅಂಕಿ ಮೇಲೇರಿತು. ತುಟಿಗೆ ತುಟಿಯ ಬಣ್ಣ ಬಂತು. ಆಮೇಲೆ ಡಾಕ್ಟರು ನಮ್ಮ ಕಡೆ ತಿರುಗಿದರು.

"ಕರೆಕ್ಟ್ ಟೈಮಿಗೆ ಕರ್ಕೊಂಡು ಬಂದ್ರಿ. ತುಟಿ ನೀಲಿ ಆಗೋದು, ಎದ್ದ ಮೇಲೆ ಗಲಿಬಿಲಿ, ಇದೆಲ್ಲ ಮನೆಯಲ್ಲಿ ಕಾದು ನೋಡುವ ವಿಷಯ ಅಲ್ಲ."

ನನ್ನ ಎದೆ ಉಬ್ಬಿತು. ಅವರು ಇನ್ನೂ ಮುಗಿಸಿರಲಿಲ್ಲ. ಬೆಳಗಿನ ತಲೆನೋವು, ಊಟದಲ್ಲೇ ನಿದ್ರೆ ಶುರುವಾದಾಗ ಎಂತ ಮಾಡುತ್ತಿದ್ದಿರಿ ಎಂದು ಕೇಳಿದರು. ಹಳದಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಮೆಷಿನ್ ಎಲ್ಲಿ ಎಂದರು. ಮಮ್ಮಿ ತಲೆ ತಗ್ಗಿಸಿ ಶೋಕೇಸ್ ಎಂದರು. ಡಾಕ್ಟರು ಪೆನ್ ತೆಗೆದು ಬರೆಯುತ್ತಾ ಕೇಳಿದರು.

"ಆಂಬುಲೆನ್ಸಲ್ಲಿ ಬಂದ್ರಾ?"

"ಇಲ್ಲ ಡಾಕ್ಟ್ರೇ, ನಮ್ಮದೇ ಕಾರು."

"ಡ್ರೈವ್ ಮಾಡಿದ್ದು ಯಾರು?"

ನಾನು ಮಮ್ಮಿಯ ಮುಖ ನೋಡಿದೆ. ಮಮ್ಮಿ ನನ್ನ ಮುಖ ನೋಡಿದರು. ಹಾಸಿಗೆಯ ಮೇಲೆ, ಮಾಸ್ಕಿನ ಹಿಂದೆ, ಪಪ್ಪ ಉತ್ತರ ಗೊತ್ತಿರುವ ವಿದ್ಯಾರ್ಥಿಯಂತೆ ಮೆಲ್ಲ ಕೈ ಎತ್ತಿದರು.

ಭವ್ಯಶ್ರೀ ಡಾಕ್ಟರ ಪೆನ್ ನಿಂತಿತು. "ಅಷ್ಟು ದೊಡ್ಡ ಮದುವೆಯಲ್ಲಿ ಕಾರು ಬಿಡ್ಲಿಕ್ಕೆ ಗೊತ್ತಿದ್ದವರು ಬೇರೆ ಯಾರೂ ಇರ್ಲಿಲ್ವಾ?"

ಇದ್ದರು. ದುಬೈಯಲ್ಲಿ ಟ್ರೇಲರ್ ಓಡಿಸುವವರು ಇದ್ದರು, ಮಸ್ಕತ್‌ನಲ್ಲಿ ಬಸ್ ಓಡಿಸುವವರು ಇದ್ದರು. ಬರುತ್ತೇನೆಂದವರನ್ನು ಬದಿಗೆ ಸರಿಸಿದವಳು ನಾನು. ಮೈಕ್ ಹಿಡಿದು ನಿಂತಲ್ಲೇ ನಿದ್ರೆಹೋದ ಮನುಷ್ಯನ ಕೈಗೆ ಸ್ಟಿಯರಿಂಗ್ ಕೊಟ್ಟು, ಹಿಂದಿನ ಸೀಟಿನಲ್ಲಿ ಕೂತು ಅವರ ಜೀವ ಉಳಿಸುತ್ತಿದ್ದೆ! ಡಾಕ್ಟರು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಇನ್ನು ಅವರು ಹೇಳುವವರೆಗೆ ಪಪ್ಪ ಗಾಡಿ ಮುಟ್ಟಬಾರದೆಂದರು. ಸಿಂಥಿಯಾ ಆಂಟಿ ಫೋನಿನಲ್ಲೇ ಇದ್ದರು. ಎಲ್ಲ ಕೇಳಿಸಿಕೊಂಡ ಮೇಲೆ ಅವರು ನನಗೆ ಹೇಳಿದ್ದನ್ನು ಇಲ್ಲಿ ಹೇಳುವ ಹಾಗಿಲ್ಲ. ಗುಂಪಿನಲ್ಲಿ ಹಿರಿಯರು ಇದ್ದಾರೆ.

ಪಪ್ಪನನ್ನು ಅಡ್ಮಿಟ್ ಮಾಡಿದರು. ಹೆದರುವ ಅಗತ್ಯವಿಲ್ಲ, ಮಾಸ್ಕ್ ಹಾಕಿ ಸರಿಯಾಗಿ ನಿದ್ರೆ ಮಾಡಿಸಿದರೆ ಸುಧಾರಿಸುತ್ತಾರೆ ಎಂದು ಡಾಕ್ಟರು ಭರವಸೆ ಕೊಟ್ಟರು. ಪಪ್ಪ ನಿದ್ರೆ ಮಾಡಿದರು, ಗೊರಕೆಯೇ ಇಲ್ಲದೆ, ಮಗುವಿನ ಹಾಗೆ. ಅಷ್ಟು ನಿಶ್ಶಬ್ದ ಮಮ್ಮಿಗೆ ಅಭ್ಯಾಸವಿಲ್ಲ. ಜೀವ ಉಂಟಾ ಎಂದು ನೋಡಲು ಎರಡೆರಡು ಸಲ ತಿವಿದು ಎಬ್ಬಿಸಿದರು. ನರ್ಸ್ ಬಂದು ಮಮ್ಮಿಯನ್ನು ನಯವಾಗಿ ಹೊರಗೆ ಕೂರಿಸಿದರು.

ಸಂಜೆ ಇಬ್ಬರೂ ಚಾ ಕುಡಿಯಲು ಕೆಳಗಿಳಿದರೆ, ಆಸ್ಪತ್ರೆಯ ಗೇಟಿನಲ್ಲಿ ವಾಚ್‌ಮ್ಯಾನ್ ನೋಣಯ್ಯಣ್ಣ ಒಂದು ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಆಂಬುಲೆನ್ಸ್ ಬರುವ ದಾರಿಗೆ ಸರಿಯಾಗಿ ಅಡ್ಡ ನಿಲ್ಲಿಸಿದ ಆ ಕಾರು ನಮ್ಮದು.

"ಎಂತ ಮಾರಾಯ್ರೆ, ಮಧ್ಯಾಹ್ನದಿಂದ ಹುಡುಕ್ತಾ ಇದ್ದೇನೆ. ಡ್ರೈವರ್ ಎಲ್ಲಿ?"

"ಮೇಲೆ, ಅಣ್ಣ," ಎಂದೆ. "ಅಡ್ಮಿಟ್ ಆಗಿದ್ದಾರೆ."

ನೋಣಯ್ಯಣ್ಣ ನನ್ನನ್ನು ನೋಡಿದರು, ಕಾರನ್ನು ನೋಡಿದರು, ಆಸ್ಪತ್ರೆಯನ್ನು ನೋಡಿದರು. ಆಮೇಲೆ ಟೊಪ್ಪಿ ತೆಗೆದು ಬಾನೆಟ್ ಮೇಲಿಟ್ಟು, ನನ್ನ ಕೈಯಿಂದ ಕೀ ತೆಗೆದುಕೊಂಡು ಲಾಕ್ ಬಿಡಿಸಿದರು. ನನ್ನ ಮತ್ತು ಮಮ್ಮಿಯ ಹಾಗೆ ಅವರಿಗೂ ಗಾಡಿ ಬಿಡಲು ಬರುವುದಿಲ್ಲವಂತೆ. ಕಿಟಕಿಯಿಂದ ಕೈ ಹಾಕಿ ಸ್ಟಿಯರಿಂಗ್ ಹಿಡಿದರು. ಮಮ್ಮಿ ಮುಂದೆ ನಿಂತು ಬಲಕ್ಕೆ, ಎಡಕ್ಕೆ ಎಂದು ಕೈ ಮಾಡತೊಡಗಿದರು. ನಾನು ಹೀಲ್ಸ್ ಬಿಚ್ಚಿ, ಹೊಸ ಗೌನನ್ನು ಮೊಣಕಾಲಿನವರೆಗೆ ಎತ್ತಿ ಗಂಟು ಹಾಕಿ, ಡಿಕ್ಕಿಗೆ ಎರಡೂ ಕೈ ಕೊಟ್ಟು, ಕಾರನ್ನು ಪಾರ್ಕಿಂಗಿನವರೆಗೆ ದೂಡಿದೆ.