ಬಿಲ್ಲಿನಲ್ಲಿ ಒಳಗೆ, ಹಾಜರಿಯಲ್ಲಿ ಹೊರಗೆ

ದುಡಿದ ಹೊತ್ತನ್ನು ಬರೆದಿಡುವುದಕ್ಕಿಂತ ನಿರಪಾಯದ ಕೆಲಸ ಇನ್ನೊಂದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಬಂದಾಗ ಒಂದು ಗುರುತು, ಹೋದಾಗ ಒಂದು ಗುರುತು, ನಡುವೆ ಇರುವುದು ದುಡಿಮೆ. ಇದರಲ್ಲಿ ಕೈಕಾಲು ಮುರಿಯುವ ಪ್ರಮೇಯವಿಲ್ಲ, ಅಂಗಿಗೆ ಎಣ್ಣೆ ಮೆತ್ತುವುದಿಲ್ಲ. ಹೆಣ್ಣು ಕೊಟ್ಟವರು ಬಿಕಾಂ ಪದವಿಗಿಂತ ಹೆಚ್ಚಾಗಿ ಮೆಚ್ಚಿದ್ದು ಇದನ್ನೇ. ಮಂಡಿಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿರುವ ನನ್ನ ಮಾವನವರಿಗೆ ಮಾತ್ರ ಈ ಉದ್ಯೋಗ ಇವತ್ತಿಗೂ ಅರ್ಥವಾಗಿಲ್ಲ. "ಅಳಿಯಂದ್ರೆ, ಗಂಟೆ ಲೆಕ್ಕದಾಗೆ ಬಿಲ್ ಹಾಕ್ತೀರಿ ಅಂತೀರಿ. ಗಂಟೆ ಏನು ಪೆಂಟೆ ಬೆಲ್ಲನಾ, ತೂಗಿ ಕೊಡಾಕೆ?" ಎಂದು ಹಬ್ಬಕ್ಕೊಮ್ಮೆ ಕೇಳುತ್ತಾರೆ. ನಾನು ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ನಾನಿರುವುದು ದಾವಣಗೆರೆಯ ಸರಸ್ವತಿ ನಗರದಲ್ಲಿ, ದುಡಿಯುವುದು ಹರಿಹರದ ಒಂದು ಕಾರ್ಖಾನೆಯ ಆವರಣದಲ್ಲಿ. ಕಾರ್ಖಾನೆಯ ನೌಕರನಲ್ಲ, ಅಲ್ಲಿ ಟ್ಯಾಂಕು, ಕೊಳವೆ ಸ್ವಚ್ಛ ಮಾಡಿ ಬಣ್ಣ ಬಳಿಯುವ ಗುತ್ತಿಗೆದಾರರ ಗುಮಾಸ್ತ. ನಮ್ಮ ಆಳುಗಳು ಒಳಗೆ ದುಡಿದ ಪ್ರತಿ ಗಂಟೆಗೂ ಕಾರ್ಖಾನೆಗೆ ಬಿಲ್ ಕಳಿಸಬೇಕು. ಅದೇ ಗಂಟೆಗಳು ಸರ್ಕಾರದ ಕಾರ್ಮಿಕ ಕಾನೂನಿಗೂ ಒಗ್ಗಬೇಕು: ದಿನಕ್ಕೆ ಇಷ್ಟೇ ಹೊತ್ತು, ಮೀರಿದರೆ ದುಪ್ಪಟ್ಟು ಕೂಲಿ, ವಾರಕ್ಕೊಂದು ರಜೆ. ಬಿಲ್ಲಿಗೆ ಗಂಟೆಗಳು ಹೆಚ್ಚಿದ್ದಷ್ಟೂ ಚೆಂದ, ಕಾನೂನಿಗೆ ಕಡಿಮೆ ಇದ್ದಷ್ಟೂ ಚೆಂದ. ಅತ್ತೆ ಸೊಸೆ ಇಬ್ಬರಿಗೂ ರುಚಿಯಾಗುವಂತೆ ಒಂದೇ ಪಾತ್ರೆಯ ಸಾರಿಗೆ ಉಪ್ಪು ಹಾಕುವ ಕೆಲಸ ಇದು.

ಇದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾರು ಕಂಡುಹಿಡಿದರೋ ತಿಳಿಯದು, ನಾನು ಸೇರುವಾಗಲೇ ಅದು ಹಳೆಯದಾಗಿತ್ತು. ಕಾನೂನಿನ ಹೊತ್ತು ಮುಗಿಯುತ್ತಲೇ ಎಲ್ಲರೂ ನನ್ನ ಕೋಣೆಗೆ ಬಂದು ಹಾಜರಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಯಂತ್ರದ ಪ್ರಕಾರ ಅವರೆಲ್ಲ ಮನೆಗೆ ಹೋದರು. ಆಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿದು, ಅಂಗಳದ ಬೇವಿನ ಮರವನ್ನು ಸುತ್ತಿಕೊಂಡು, ಮತ್ತೆ ಟ್ಯಾಂಕಿಗೆ ಇಳಿಯುತ್ತಿದ್ದರು. ಕಾರ್ಖಾನೆಯಲ್ಲಿ ಹಾಜರಿ ಹೋಗುವುದು ಗೇಟಿನ ಪಕ್ಕದ ಕೋಣೆಗೆ, ಬಿಲ್ಲು ಹೋಗುವುದು ಲೆಕ್ಕಪತ್ರದ ಕೋಣೆಗೆ. ಎರಡೂ ಕಾಗದಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡುವಷ್ಟು ಬಿಡುವು ಯಾರಿಗೂ ಇರಲಿಲ್ಲ. ಯಾರಾದರೂ ಕೇಳಿದರೆ ಏನನ್ನಬೇಕೆಂದು ನಮ್ಮ ಮಾಲೀಕರು, ಅಂದರೆ ಗುತ್ತಿಗೆದಾರರು, ನನಗೆ ಮೊದಲ ದಿನವೇ ಕಲಿಸಿದ್ದರು. "ಎಲ್ಲಾರೂ ಡ್ಯೂಟಿ ಮುಗಿಸಿ ಹೋದ್ರು ಅನ್ರಿ. ಅಷ್ಟೇ. ಅದರ ಮ್ಯಾಲೆ ಒಂದು ಮಾತು ಬ್ಯಾಡ." ಬೆಳಿಗ್ಗೆ ದೇವರಿಗೆ ಕೈಮುಗಿದಷ್ಟೇ ಸಲೀಸಾಗಿ ಅದು ನನ್ನ ಬಾಯಿಗೆ ಅಭ್ಯಾಸವಾಗಿತ್ತು.

ಆ ಸಂಜೆ ಇನ್ನೂ ಬೆಳಕಿತ್ತು. ಆನೆಕೊಂಡದ ಬಸಣ್ಣ, ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಆಳು, ಹೆಬ್ಬೆಟ್ಟು ಒತ್ತಿ, ಚಹಾ ಮುಗಿಸಿ, ಕಿವಿಗೆ ಹತ್ತಿ ತುರುಕಿಕೊಂಡು ದೊಡ್ಡ ನೀರಿನ ಟ್ಯಾಂಕಿಗೆ ಇಳಿದಿದ್ದ. ಗೋಡೆಯ ತುಕ್ಕು ಕೆರೆಯುವ ಕೆಲಸ. ಒಳಗೆ ಕತ್ತಲೆಯಾದ್ದರಿಂದ ಏಣಿಯ ಮೆಟ್ಟಿಲಿಗೆ ವಯರಿನ ದೀಪ ನೇತುಹಾಕಿದ್ದರು. ಟ್ಯಾಂಕಿನ ಬಾಯಲ್ಲಿ ಒಬ್ಬ ಕಾವಲಿರಬೇಕೆಂಬುದು ನಿಯಮ. ಕಾವಲಿನವನೂ ಹೆಬ್ಬೆಟ್ಟು ಒತ್ತಿಯಾಗಿತ್ತು, ಅವನಿನ್ನೂ ಕ್ಯಾಂಟೀನಿನಲ್ಲಿದ್ದ. ನಾನು ಬಿಲ್ ಬರೆಯುತ್ತಾ ಕುಳಿತಿದ್ದೆ. 'ಬಸವರಾಜಪ್ಪ, ಟ್ಯಾಂಕಿನ ಒಳಗೆ' ಎಂಬ ಬಸಣ್ಣನ ಸಾಲಿಗೆ ಬಂದಾಗ ಪಂಪಿನ ಮನೆಯಿಂದ ಮೋಟಾರು ಗೊರ್ರೆಂದಿತು.

ನಾನು ಓಡಿದೆ ಎಂದು ಹೇಳಲು ಹೆಮ್ಮೆಯೇನಿಲ್ಲ. ಹೊಟ್ಟೆ ಮುಂದೆ, ಕಾಲು ಹಿಂದೆ, ಒಂದು ಚಪ್ಪಲಿ ಬೇವಿನ ಮರದ ಹತ್ತಿರವೇ ಉಳಿಯಿತು. ಪಂಪಿನ ಮನೆಯಲ್ಲಿ ಇಲಿಯಾಸ್ ನಿಂತಿದ್ದರು. ಕಾರ್ಖಾನೆಗೆ ಹೊಸದಾಗಿ ಬಂದ ಸೂಪರ್‌ವೈಸರ್, ಬಹಳ ಕ್ರಮದ ಮನುಷ್ಯ, ನಮ್ಮ ಪದ್ಧತಿಯನ್ನು ಅವರಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಟ್ಯಾಂಕು ಸೋರುತ್ತದೆಯೇ ಎಂದು ನೋಡಲು ನೀರು ಬಿಟ್ಟಿದ್ದರು. ಬಿಡುವ ಮೊದಲು ಗೇಟಿನಲ್ಲಿರುವ ಹಾಜರಿಯ ಪರದೆಯಲ್ಲಿ ನಮ್ಮವರು ಯಾರೂ ಒಳಗಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದರು. ಅವರು ಮಾಡಿದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

"ಯಾಕ್ರಿ ಹಿಂಗೆ ಓಡಿ ಬಂದ್ರಿ? ನಿಮ್ಮೋರು ಯಾರಾದ್ರೂ ಒಳಗೆ ಅದಾರಾ?" ಎಂದರು.

"ಎಲ್ಲಾರೂ ಡ್ಯೂಟಿ ಮುಗಿಸಿ ಹೋದ್ರು" ಎಂದೆ.

ಅದನ್ನು ನಾನು ಹೇಳಲಿಲ್ಲ, ನನ್ನ ನಾಲಿಗೆ ಹೇಳಿತು. ಇಲಿಯಾಸ್ ಸಮಾಧಾನದಿಂದ ತಲೆಯಾಡಿಸಿದರು. ಅವರ ಹಿಂದೆ ನೀರು ಕೊಳವೆಯಲ್ಲಿ ಮೊರೆಯುತ್ತಿತ್ತು. ನಾನು ಉಸಿರು ಎಳೆದುಕೊಂಡು, "ಬಸಣ್ಣ ಅದಾನೆ, ಟ್ಯಾಂಕಿನಾಗೆ ಅದಾನೆ, ಬಂದ್ ಮಾಡ್ರಿ" ಎಂದೆ. ಅವರು ಹುಚ್ಚನನ್ನು ಕಂಡಂತೆ ನನ್ನನ್ನು ನೋಡಿದರು. ಆಮೇಲೆ ಮೋಟಾರು ನಿಲ್ಲಿಸಿದರು.

ಟ್ಯಾಂಕಿನ ಬಾಯಿಗೆ ಹೋಗಿ ಬಗ್ಗಿದಾಗ ಕಂಡದ್ದು ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ. ಬಸಣ್ಣ ದೂರದ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ನೀರು ಮೊಣಕಾಲು ದಾಟಿತ್ತು. ಏಣಿಯ ದೀಪ ಇನ್ನೂ ಉರಿಯುತ್ತಾ ನೀರಿನಿಂದ ಗೇಣು ಮೇಲೆ ಓಲಾಡುತ್ತಿತ್ತು. ಅದು ಮುಳುಗಿದರೆ ಕರೆಂಟು ನೀರಿಗೆ. ದೀಪ ತೆಗೆಯೋಣವೆಂದರೆ ಮೋಟಾರು ನಿಲ್ಲುವವರೆಗೆ ಕೊಳವೆಯ ನೀರು ಏಣಿಯ ಮೇಲೆಯೇ ಸುರಿಯುತ್ತಿತ್ತು, ಅವನು ಹತ್ತಿರ ಹೋಗದೆ ಬುದ್ಧಿವಂತಿಕೆ ಮಾಡಿದ್ದ. ನಾನು ಪ್ಲಗ್ ಕಿತ್ತೆ. ಕತ್ತಲೆಯಲ್ಲಿ ಅವನ ಧ್ವನಿ ಮಾತ್ರ ಬಂತು. "ಈಗ ಹತ್ತಬಹುದಾ ಸಾರ್?"

ಮೇಲೆ ಬಂದು ಕುಳಿತ ಮೇಲೆ ಅವನು ಕಿವಿಯ ಹತ್ತಿ ತೆಗೆದು ಹಿಂಡಿದ. ಕ್ಯಾಂಟೀನಿನಿಂದ ಓಡಿಬಂದ ಕಾವಲಿನವನು ಅಳುತ್ತಿದ್ದ. "ಸುಮ್ನಿರಲೇ, ಮೆಷಿನ್ ಲೆಕ್ಕದಾಗೆ ನಾನು ಮನಿಯಾಗೆ ರೊಟ್ಟಿ ತಿನ್ನಾಕತ್ತೀನಿ" ಎಂದು ಬಸಣ್ಣ ಅವನನ್ನು ಸಮಾಧಾನ ಮಾಡಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ. "ನಾನು ಒಳಗೇ ಹೋಗಿಬಿಟ್ಟಿದ್ರೆ ನಮ್ಮಾಕಿಗೆ ಏನು ಹೇಳ್ತಿದ್ರಿ ಸಾರ್? ಡ್ಯೂಟಿ ಮುಗಿಸಿ ಹೋದ ಅಂತನಾ?"

ಅಪಘಾತದ ಪರಿಹಾರ ಕೊಡಿಸುವ ಅದೇ ಕಾನೂನು ಹಾಜರಿಯನ್ನೇ ಕೇಳುತ್ತದೆ, ಹಾಜರಿಯಲ್ಲಿ ಅವನು ಆನೆಕೊಂಡ ತಲುಪಿಯಾಗಿತ್ತು. ಮಾಲೀಕರು ಬಂದು, "ದೇವರು ದೊಡ್ಡೋನು, ಹಾಜರಿಯಾಗಂತೂ ಅವ ಒಳಗೆ ಇಲ್ಲ, ಕೇಸಾಗಲ್ಲ ಬಿಡ್ರಿ" ಎಂದರು. ಅವರು ಕೆಟ್ಟವರಲ್ಲ, ತಮ್ಮ ಹೆಗಲ ಟವಲನ್ನು ಬಸಣ್ಣನ ಕೈಗಿಟ್ಟರು. ಬಸಣ್ಣ ಎದ್ದು ಲುಂಗಿ ಹಿಂಡುತ್ತಾ, "ಧಣಿ, ನಾಳಿಂದ ಹೊರಗೆ ಬಂದ ಮ್ಯಾಲೆ ಒತ್ತೀವಿ. ಒತ್ತಿದ ಮ್ಯಾಲೆ ಒಳಗೆ ಹೋಗಲ್ಲ" ಎಂದ. ಉಳಿದವರು ಅವನ ಪಕ್ಕ ಬಂದು ನಿಂತರು. ಇಲಿಯಾಸ್ ಕೂಡ ನಿಂತರು. ಮಾಲೀಕರು ಅವರನ್ನೆಲ್ಲ ನೋಡಿ, ಕೊನೆಗೆ ನನ್ನನ್ನು ನೋಡಿದರು. ನಾನು ಒಂದೇ ಚಪ್ಪಲಿಯಲ್ಲಿದ್ದೆ, ಆದರೂ ಹೋಗಿ ಆ ಸಾಲಿನ ಕೊನೆಗೆ ನಿಂತೆ.

ಮನೆಯಲ್ಲಿ ನಾನೀಗ ನಗೆಪಾಟಲಾಗಿದ್ದೇನೆ. ಮೇಲಿನ ಟ್ಯಾಂಕಿಗೆ ನೀರು ಏರಿಸಲು ಸ್ವಿಚ್ ಹಾಕುವ ಮೊದಲು ಸಂಪಿನ ಮುಚ್ಚಳ ಎತ್ತಿ, "ಯಾರಾದ್ರೂ ಇದೀರೇನ್ರೀ?" ಎಂದು ಕೇಳುತ್ತೇನೆ. "ಸಂಪಿನಾಗೆ ಯಾರಿರ್ತಾರ್ರಿ, ನಿಮ್ಮ ಮಾವ ಬಂದು ಕುಂತಿರ್ತಾರಾ? ಪಾತ್ರೆ ಹಂಗೇ ಅದಾವು, ಸ್ವಿಚ್ ಹಾಕ್ರಿ" ಎನ್ನುತ್ತಾಳೆ ಹೆಂಡತಿ. ಬಗ್ಗಿ ನೋಡಿಯೇ ಹಾಕುತ್ತೇನೆ.

ಕಾರ್ಖಾನೆಯಲ್ಲಿ ಈಗ ಆಳುಗಳು ಹೊತ್ತಿಗೆ ಸರಿಯಾಗಿ ಹೋಗುತ್ತಾರೆ. ಬಿಲ್ಲು ಸಣ್ಣದಾಯಿತು, ಕೆಲಸ ನಿಧಾನವಾಯಿತು. ಯಾಕೆ ಸಣ್ಣದಾಯಿತು, ಯಾಕೆ ನಿಧಾನವಾಯಿತು ಎಂದು ಲೆಕ್ಕಪತ್ರದವರಿಗೆ ವಿವರಣೆ ಬರೆಯುವ ಕೆಲಸ ಮಾತ್ರ ದೊಡ್ಡದಾಗಿ ನನ್ನ ತಲೆಗೆ ಬಂತು. ಅದು ಹಗಲಲ್ಲಿ ಮುಗಿಯುವುದಿಲ್ಲ. ಮೊನ್ನೆ ಎಲ್ಲರೊಂದಿಗೆ ಹೆಬ್ಬೆಟ್ಟು ಒತ್ತಿ, ಮತ್ತೆ ಕುರ್ಚಿಗೆ ಬಂದು ಬರೆಯುತ್ತಿದ್ದೆ. ಬುತ್ತಿ ಚೀಲ ಹೆಗಲಿಗೇರಿಸಿದ ಬಸಣ್ಣ ಬಾಗಿಲಲ್ಲಿ ನಿಂತ.

"ಸಾರ್, ನಿಮ್ದು ಒತ್ತಿದ್ದು ಆತಾ?"

"ಆಯ್ತು ಬಸಣ್ಣ, ಒಂದೈದು ನಿಮಿಷ."

"ಆತಂದ್ರೆ ಏಳ್ರಿ" ಎಂದ. ದನಿ ಏರಿಸಲಿಲ್ಲ, ಕದಲಲೂ ಇಲ್ಲ. ದಾವಣಗೆರೆಗೆ ಹೋಗುವ ಬಸ್ಸಿನ ಹಾರ್ನು ಕೇಳಿಸಿತು, ಆದರೂ ಅವನು ಬಾಗಿಲು ಬಿಡಲಿಲ್ಲ. ನಾನು ಕಂಪ್ಯೂಟರ್ ಆರಿಸಿ ಎದ್ದೆ. ಮುಂದಿನ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ದಾವಣಗೆರೆ ದಾರಿಯಲ್ಲಿ ಅವನು ನಿದ್ದೆಹೋದ ಮೇಲೆ, ಅವನಿಗೆ ಕಾಣದಂತೆ ಕಿಟಕಿ ಕಡೆ ತಿರುಗಿ, ಉಳಿದ ವಿವರಣೆಯನ್ನು ಮೊಬೈಲಿನಲ್ಲಿ ಮುಗಿಸಿದೆ.