‘ನುರಿತ ತಂಡ’ ಹೊಂದಿರುವ ನನ್ನ ಜಾಲತಾಣಕ್ಕೊಂದು ಅಹವಾಲು

ಹಗಲಿರುಳೆನ್ನದೆ ಬಾಗಿಲು ತೆರೆದಿಟ್ಟುಕೊಂಡು, ಬಾರದ ಗಿರಾಕಿಗಳ ದಾರಿ ಕಾಯುತ್ತಿರುವ ನನ್ನ ಜಾಲತಾಣ ಮಹಾಶಯರ ಸನ್ನಿಧಾನಕ್ಕೆ, ತಮ್ಮನ್ನು ಸಾಕುತ್ತಿರುವ ಅನುವಾದಕಿಯ ಸವಿನಯ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನೋಡಲು ಬರುವವರೇ ಇಲ್ಲದಿರುವಾಗ ಕ್ಷೇಮಕ್ಕೆ ಭಂಗ ತರುವವರಾದರೂ ಯಾರು? ಆದರೂ ತಮ್ಮ ವಿಶ್ರಾಂತಿಗೆ ಅಡ್ಡಿಪಡಿಸಿ ಈ ಅಹವಾಲನ್ನು ಸಲ್ಲಿಸುತ್ತಿರುವುದಕ್ಕೆ ಕ್ಷಮೆಯಿರಲಿ.

ತಾವು ಹುಟ್ಟುವ ಮುಂಚೆ ನಾನು ಊಟದ ಮೇಜಿನ ಒಂದು ತುದಿಯಲ್ಲಿ ಕುಳಿತು, ಔಷಧಿ ಡಬ್ಬಿಯೊಳಗಿನ ಚೀಟಿ, ಬಾಡಿಗೆ ಕರಾರು, ನೀರೆತ್ತುವ ಪಂಪಿನ ಕೈಪಿಡಿ, ಹೀಗೆ ಬಂದದ್ದನ್ನೆಲ್ಲ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸಿ ಹೇಗೋ ಬದುಕಿಕೊಂಡಿದ್ದೆ. ಕೆಲಸ ಬಾಯಿಂದ ಬಾಯಿಗೆ ಹರಡಿ ಬರುತ್ತಿತ್ತು. ನನ್ನ ಅಕ್ಕನಿಗೆ ಇದು ಸರಿಕಾಣಲಿಲ್ಲ. “ಬೋರ್ಡೇ ಇಲ್ಲದ ಅಂಗಡಿ ಕಣೇ ನಿಂದು. ನೀನೊಬ್ಬಳು ಇದ್ದೀಯ ಅಂತ ಯಾರಿಗೆ ಕನಸು ಬೀಳತ್ತೆ?” ಎಂದು ನನ್ನನ್ನೂ, “ಊರಿಗೆಲ್ಲ ಕಾರ್ಡು ಮಾಡಿಕೊಡ್ತೀರಿ, ನಾದಿನಿಗೊಂದು ವೆಬ್‌ಸೈಟ್ ಮಾಡಿಕೊಡೋಕೆ ಆಗಲ್ವಾ?” ಎಂದು ವಿಸಿಟಿಂಗ್ ಕಾರ್ಡಿನ ಅಂಗಡಿ ಇಟ್ಟಿರುವ ಭಾವನನ್ನೂ ಒಟ್ಟಿಗೇ ತರಾಟೆಗೆ ತೆಗೆದುಕೊಂಡಳು.

ಭಾವ ಪ್ರೀತಿಯಿಂದಲೇ ತಮ್ಮನ್ನು ಕಟ್ಟಿದರು. ಕಂಡವರ ಮಾತನ್ನೆಲ್ಲ ಅನುವಾದಿಸುವ ನನಗೆ ನನ್ನ ಬಗ್ಗೆ ನಾಲ್ಕು ಸಾಲು ಬರೆಯಲು ಕೈ ಬರಲಿಲ್ಲ. “ಬಿಡಮ್ಮಾ, ನಾನೇ ಹಾಕ್ತೀನಿ” ಎಂದವರು ‘ನಮ್ಮ ನುರಿತ ತಂಡ ಸದಾ ತಮ್ಮ ಸೇವೆಯಲ್ಲಿ’ ಎಂದು ಬರೆದು, ಪಕ್ಕದಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ನಗುತ್ತಿರುವ ಯಾರೋ ಸುಂದರಿಯ ಫೋಟೋ ಅಂಟಿಸಿದರು. ತಂಡವೆಂದರೆ ನಾನು, ನನ್ನ ಕನ್ನಡಕ ಮತ್ತು ಕಾಲು ಕುಂಟುವ ಒಂದು ಕುರ್ಚಿ ಎಂಬ ಗುಟ್ಟನ್ನು ತಾವು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಆ ಗಾಂಭೀರ್ಯಕ್ಕೆ ನಾನು ತಲೆಬಾಗುತ್ತೇನೆ.

ತಮ್ಮ ಪ್ರತಿಭೆಯನ್ನು ಗುರುತಿಸಿ ಮೊದಲು ಪತ್ರ ಬರೆದವರು ‘ನಿಮ್ಮ ಜಾಲತಾಣವನ್ನು ಯಾರೂ ನೋಡುತ್ತಿಲ್ಲ, ನೋಡುವಂತೆ ಮಾಡಿಕೊಡುತ್ತೇವೆ’ ಎನ್ನುವ ಕಂಪನಿಯವರು. ಯಾರೂ ನೋಡದ್ದನ್ನು ಅವರು ಹೇಗೆ ನೋಡಿದರೋ, ತಾವೇ ಬಲ್ಲಿರಿ.

ಅಷ್ಟರಲ್ಲಿ, ವರ್ಷಗಳಿಂದ ನನ್ನ ಸಂಸಾರದ ಬಂಡಿ ಎಳೆಯುತ್ತಿದ್ದ ಪಂಪ್ ಕಂಪನಿಯಿಂದ ಕೆಲಸ ಬರುವುದು ನಿಂತೇಹೋಯಿತು. ಏನು ತಪ್ಪು ಮಾಡಿದೆನೋ, ಯಾವ ನಟ್ಟಿನ ಜಾಗದಲ್ಲಿ ಯಾವ ಬೋಲ್ಟು ಬರೆದೆನೋ ಎಂದು ಹಳೆಯ ಕೈಪಿಡಿಗಳನ್ನೆಲ್ಲ ತಿರುವಿಹಾಕಿ, ಕೊನೆಗೆ ಎದೆ ಗಟ್ಟಿಮಾಡಿಕೊಂಡು ಮ್ಯಾನೇಜರ ಕೋಣೆಗೇ ಹೋದೆ. ಅವರು ಎಂದೂ ಇಲ್ಲದೆ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. “ನಿಮ್ಮ ವೆಬ್‌ಸೈಟ್ ನೋಡಿದೆ ಮೇಡಂ. ಇಷ್ಟು ದೊಡ್ಡ ಸಂಸ್ಥೆ ಅಂತ ಗೊತ್ತೇ ಇರಲಿಲ್ಲ. ನಮ್ಮ ಚಿಲ್ಲರೆ ಕೆಲಸಕ್ಕೆ ನಿಮಗೆಲ್ಲಿ ಪುರುಸೊತ್ತು ಅಂತ ಬೇರೆಯವರಿಗೆ ಕೊಟ್ಟುಬಿಟ್ಟೆ” ಎಂದರು. “ತಂಡ ಇಲ್ಲೇ ಕೂತಿದೆ ಸಾರ್, ಪೂರ್ತಿ” ಎಂದೆ. ಅವರು ನನ್ನ ಬೆನ್ನ ಹಿಂದೆ ಬಾಗಿಲತ್ತ ಒಮ್ಮೆ ನೋಡಿ, ಆಮೇಲೆ ನಕ್ಕರು. ಆ ಸಲದ ಕೈಪಿಡಿ ಕೈಬಿಟ್ಟು ಹೋಗಿತ್ತು. ಮುಂದಿನದು ನನಗೇ ಎಂದು ಮಾತು ಕೊಟ್ಟರು. ಮೆಟ್ಟಿಲಿಳಿಯುವಾಗ ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಇದ್ದ ಗಿರಾಕಿಯನ್ನು ಇಷ್ಟು ಮರ್ಯಾದೆಯಿಂದ ಓಡಿಸುವ ಕಲೆ ತಮಗಲ್ಲದೆ ಇನ್ನಾರಿಗೆ ಬರಬೇಕು!

ಅಂದೇ ತಮ್ಮ ಬಾಗಿಲು ಮುಚ್ಚಿಸುವುದೆಂದು ತೀರ್ಮಾನಿಸಿದೆ. ಭಾವನಿಗೆ ನೋವಾಗದಂತೆ ಹೇಗೆ ಹೇಳಲಿ ಎಂದು ಮಾತು ಜೋಡಿಸಿಕೊಳ್ಳುತ್ತಿರುವಾಗ ಫೋನು ಬಂತು. ಗುರುತಿಲ್ಲದ ಹೆಂಗಸಿನ ದನಿ. “ಮಗಳಿಗೆ ಮದುವೆ ಗೊತ್ತಾಗಿದೆ. ಬೀಗಿತ್ತಿ ಮಾತು ನಂಗೆ ತಿಳಿಯಲ್ಲ, ನನ್ನ ಮಾತು ಅವರಿಗೆ ತಿಳಿಯಲ್ಲ. ಮಕ್ಕಳು ಮಧ್ಯೆ ನಿಂತು ಹೇಳ್ತಾರೆ, ಆದ್ರೆ ತಮಗೆ ಬೇಕಾದ್ದಷ್ಟೇ ಹೇಳ್ತಾರೆ. ಗೊತ್ತಿರೋರನ್ನ ಕರೆದ್ರೆ ಮನೆ ವಿಷಯ ಬೀದಿಗೆ ಬರತ್ತೆ. ಅದಕ್ಕೇ ಯಾರಿಗೂ ಗೊತ್ತಿಲ್ಲದೋರನ್ನ ಹುಡುಕ್ತಿದ್ದಾಗ ನಿಮ್ಮ ವೆಬ್‌ಸೈಟ್ ಸಿಕ್ತು.”

ಯಾರಿಗೂ ಗೊತ್ತಿಲ್ಲದವಳು! ತಮ್ಮ ಇಷ್ಟು ದಿನದ ಶ್ರಮ ಅಂತೂ ಸಾರ್ಥಕವಾಯಿತು.

ಹೇಳಿದ ದಿನ ಅವರ ಮನೆಗೆ ಹೋದೆ. ಬಾಗಿಲು ತೆರೆದ ಆಕೆ “ಫೋಟೋದಲ್ಲಿರೋ ಮೇಡಂ ಬರ್ಲಿಲ್ವಾ?” ಎಂದು ಕೇಳಿದ್ದನ್ನು ನುಂಗಿಕೊಂಡು ಒಳಗೆ ಹೋದೆ. ಸೋಫಾದ ಎರಡು ತುದಿಗಳಲ್ಲಿ ಇಬ್ಬರು ತಾಯಂದಿರು, ನಡುವೆ ನಾನು. ಕೀಲುನೋವು, ಪರದೆ ಬಟ್ಟೆ ಎಂದು ಸಲೀಸಾಗಿ ಸಾಗುತ್ತಿದ್ದ ಮಾತಿನ ನಡುವೆ ಗಂಡಿನ ತಾಯಿ, ಇವರಿಗೆ ಎಲ್ಲ ಗೊತ್ತೇ ಇದೆ ಎಂಬ ಭರವಸೆಯಲ್ಲಿ, ಮಗನ ಮೊದಲ ಮದುವೆ ಮುರಿದ ವಿಷಯ ಎತ್ತಿದರು. ಮಕ್ಕಳು ಇದನ್ನು ಈಕೆಗೆ ದಾಟಿಸಿಯೇ ಇರಲಿಲ್ಲ. ಮಕ್ಕಳ ಹಾಗೆ ನಾನೂ ಬೇಕಾದ್ದಷ್ಟೇ ಹೇಳಿ ಎದ್ದು ಬರಬಹುದಿತ್ತು. ಆದರೆ ಹಾಗೆ ಹೇಳದವರು ಬೇಕೆಂದೇ ಅಲ್ಲವೇ ಈಕೆ ನನ್ನನ್ನು ಕರೆಸಿದ್ದು? ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಹೆಣ್ಣಿನ ತಾಯಿಯ ಮುಖ ಬಿಳಿಚಿಕೊಂಡಿತು. ನನ್ನತ್ತ ತಿರುಗಿ “ಯಾಕೆ ಮುರೀತು ಅಂತ ಕೇಳಿ” ಎಂದರು. ಆ ತಾಯಿ ಕಣ್ಣೊರೆಸಿಕೊಂಡು ಹೇಳಿದ್ದನ್ನು ನಾನು ಹೀಗೆ ದಾಟಿಸಿದೆ: “ಇವನು ಮಾತೇ ಆಡಲ್ಲ. ಗೋಡೆ ಜೊತೆ ಎಷ್ಟು ದಿನ ಸಂಸಾರ ಮಾಡೋದು ಅಂತ ಆ ಹುಡುಗಿ ಹೊರಟುಹೋದಳು, ಅಷ್ಟೇ.” ಈಕೆ ಸೆರಗು ತಿರುವುತ್ತ ಯೋಚಿಸಿ, “ನಮ್ಮವಳು ಗೋಡೆನೂ ಮಾತಾಡಿಸ್ತಾಳೆ ಅಂತ ಹೇಳಿ” ಎಂದರು. ಕೂಡಲೇ ನನ್ನತ್ತ ಬಾಗಿ, “ಆದ್ರೆ ನನ್ನಿಂದ ಮುಚ್ಚಿಟ್ಟಿದ್ದಕ್ಕೆ ಅವಳ ಕಿವಿ ಹಿಂಡ್ದೇ ಬಿಡಲ್ಲ. ಇದನ್ನ ಅನುವಾದ ಮಾಡ್ಬೇಡಿ” ಎಂದರು. ನಾನು ಮಾಡಲಿಲ್ಲ. ಹೇಗೋ ಅದು ಆ ತಾಯಿಗೂ ಅರ್ಥವಾಗಿ, ಇಬ್ಬರೂ ಒಟ್ಟಿಗೆ ನಕ್ಕರು. ಮದುವೆ ನಡೆಯಿತು; ಈ ಸಂಗತಿ ಬರೆಯಲು “ಹೆಸರೊಂದು ಹಾಕ್ಬೇಡಿ” ಎಂಬ ಷರತ್ತಿನೊಂದಿಗೆ ಅಪ್ಪಣೆಯೂ ದೊರೆತಿದೆ.

ಆದಕಾರಣ ತಮ್ಮನ್ನು ಮುಚ್ಚಿಸುವ ವಿಚಾರ ಕೈಬಿಟ್ಟಿದ್ದೇನೆ. ‘ತಂಡ’ವನ್ನೂ ಸುಂದರಿಯನ್ನೂ ಭಾವನ ಎದುರಿಗೇ ಕೂತು ತೆಗೆಸಿ, ‘ಒಬ್ಬಳೇ ಇದ್ದೇನೆ, ಫೋನು ಮಾಡಿ’ ಎಂದು ನನ್ನ ಕೈಯಾರೆ ಬರೆದಿದ್ದೇನೆ. ಇನ್ನು ಮುಂದೆ ಅನುವಾದಕರನ್ನು ಹುಡುಕಿಕೊಂಡು ಅಲೆಯುವವರನ್ನು ತಾವು ಬೀದಿ ತಿರುವಿನವರೆಗೆ ಹೋಗಿ ತೋಳು ಹಿಡಿದು ಕರೆತರಬೇಕೆಂದೂ, “ನಾಳೆಯೇ ಬೇಕು” ಎನ್ನುವವರನ್ನು ನಾಡಿದ್ದಿನವರೆಗೆ ಮಾತಿನಲ್ಲಿ ಕಟ್ಟಿಹಾಕಬೇಕೆಂದೂ, ಬಿಡುವಾದಾಗ ನನ್ನ ಕುರ್ಚಿಯ ಕಾಲನ್ನೊಮ್ಮೆ ನೋಡಬೇಕೆಂದೂ ಪ್ರಾರ್ಥಿಸುತ್ತೇನೆ.

ಇಷ್ಟೆಲ್ಲ ಆದ ಮೇಲೂ, ಅನ್ಯಮಾರ್ಗವಿಲ್ಲದೆ,
ತಮ್ಮ ವಿಶ್ವಾಸಿ,
ಅನುವಾದಕಿ

ತಾ.ಕ.: ಈ ಪತ್ರವನ್ನು ತಮ್ಮ ಮುಖಪುಟದಲ್ಲೇ ಪ್ರಕಟಿಸಬಹುದಿತ್ತು. ಆದರೆ ನಾಲ್ಕು ಜನ ಓದಲಿ ಎಂಬ ಆಸೆಯಿಂದ ಪತ್ರಿಕೆಗೆ ಕಳುಹಿಸಿದ್ದೇನೆ, ತಪ್ಪು ತಿಳಿಯಬಾರದು.