ತಾನಾಗಿಯೇ ವಾಪಸ್ ಬರುತ್ತಿದ್ದ ಫೈಲು

ಹಳೆಯ ಸಾಫ್ಟ್‌ವೇರಿನೊಳಗೆ ಕೈ ಹಾಕಿದರೆ ಮೈ ಜುಂ ಎನ್ನುವುದು ಇದ್ದದ್ದೇ. ಆಮೇಲೆ ನಗು ಬರುವುದೂ ಇದ್ದದ್ದೇ. ಶಾಲೆಗಳ ಲೈಬ್ರರಿಗೆಂದು ನಾವು ಕೆಲವರು ಪುಕ್ಕಟೆ ನಡೆಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಂದಿದೆ. ಒಂದೇ ರಾಶಿಯಾಗಿ ಬಿದ್ದಿದ್ದ ಅದರ ಕೋಡನ್ನು ಬಿಡಿಬಿಡಿ ಮಾಡ್ಯೂಲುಗಳಾಗಿ, ಪುಸ್ತಕಕ್ಕೊಂದು ಫೋಲ್ಡರು, ಸದಸ್ಯರಿಗೊಂದು ಎಂದು ಜೋಡಿಸಬೇಕಿತ್ತು. ಶಾಲೆ ಶುರುವಾಗುವುದರೊಳಗೆ ಮುಗಿಯದಿದ್ದರೆ ಆ ವರ್ಷ ಯಾರಿಗೂ ಹೊಸದು ಸಿಗುತ್ತಿರಲಿಲ್ಲ. ಕೂತವರು ಇಬ್ಬರೇ: ಬೆಳಗಾವಿಯವಳಾದ ನಾನು, ಉಡುಪಿ ಕಡೆಯ ಒಬ್ಬ ಹಿರಿಯರು. ಜಾಗ, ಮುಂಬೈ ಗೋರೆಗಾಂವಿನ ಅವರ ಮನೆಯ ಊಟದ ಮೇಜು.

೧. ಖಾಲಿ ಫೋಲ್ಡರು

'ಮುಟ್ಟಬೇಡಿ' ಎಂಬ ಹೆಸರಿನ ಫೋಲ್ಡರೊಂದು ಸಿಕ್ಕಿತು. ಒಳಗೆ ಅಕ್ಷರವೂ ಇಲ್ಲದ ಒಂದು ಫೈಲು, ಅಷ್ಟೇ. ಫೋಲ್ಡರನ್ನು ಅಳಿಸಿದೆ, ಸಾಫ್ಟ್‌ವೇರ್ ಏಳಲೇ ಇಲ್ಲ. ವಾಪಸ್ ಇಟ್ಟೆ, ಓಡಿತು. ಮೂರು ಸಲವೂ ಹಾಗೇ.

"ನಮ್ಮ ಕಡೆ ಇಂಥ ಜಾಗಕ್ಕೆ ದೀಪ ಇಡುವುದುಂಟು ಮಾರಾಯ್ರೆ" ಎಂದರು ಹಿರಿಯರು.

ನಾನು ನಗುತ್ತಾ ಚಹಾ ಮಾಡಲು ಎದ್ದೆ. ಬಂದು ನೋಡಿದರೆ ಆ ಖಾಲಿ ಫೈಲಿನ ಹೆಸರು ಬದಲಾಗಿತ್ತು: 'ದೀಪ'. ಹಿರಿಯರ ಕೈ ಇನ್ನೂ ಕೀಬೋರ್ಡಿನ ಮೇಲೇ ಇತ್ತು.

೨. ಬೆಳಿಗ್ಗೆಯ ಕೈಚಳಕ

ಪುಸ್ತಕ ಹುಡುಕಿಕೊಡುವ ಕೋಡಿನ ಫೈಲನ್ನು ಹೊಸ ಫೋಲ್ಡರಿಗೆ ಸರಿಸಿದೆವು. ಮರುದಿನ ಬೆಳಿಗ್ಗೆ ಅದು ಹಳೆಯ ಜಾಗದಲ್ಲೇ ಕೂತಿತ್ತು. ಮತ್ತೆ ಸರಿಸಿದೆವು, ಮತ್ತೆ ಬಂತು. ಯಾರು ತಂದಿಟ್ಟರೆಂದು ದಾಖಲೆ ತೆಗೆದೆ. ಈ ಸಾಫ್ಟ್‌ವೇರನ್ನು ಶುರು ಮಾಡಿದ ಮೇಷ್ಟ್ರ ಹೆಸರು. ಕೆಳಗೆ ಒಂದು ಸಾಲು: "ಸರಿಯಾದ ಜಾಗದಲ್ಲಿ ಇಟ್ಟಿದ್ದೇನೆ."

ಹಿರಿಯರ ಮುಖ ಬಿಳಿಚಿತು. "ಹೋದ ವರ್ಷ ಅವರು ತೀರಿಕೊಂಡಾಗ ಬೊಜ್ಜದ ಊಟಕ್ಕೆ ನಾನೇ ಹೋಗಿದ್ದೆ!"

ನಾನು ಧೈರ್ಯ ಮಾಡಿ, "ಸರ್, ದಯವಿಟ್ಟು ನಮ್ಮನ್ನು ಕೇಳಿ ಬದಲಾಯಿಸಿ" ಎಂದು ಕೆಳಗೆ ಬರೆದೆ. ಕಳಿಸುವಷ್ಟರಲ್ಲಿ ಹಿರಿಯರು ನನ್ನ ಕೈ ಹಿಡಿದರು.

"ಬೇಡ ಮಾರಾಯ್ರೆ. ಉತ್ತರ ಬಂದ್ರೆ ಏನು ಮಾಡುವುದು?"

೩. ಮೇಷ್ಟ್ರ ಮನೆ

ಭಾನುವಾರ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ವಿಕ್ರೋಳಿಯ ಮೇಷ್ಟ್ರ ಮನೆಗೆ ಹೋದೆವು. ಬಾಗಿಲು ತೆಗೆದವರು ಅವರ ಹೆಂಡತಿ, ಧಾರವಾಡದವರು. ಒಳಗಿನ ಕೋಣೆಯಿಂದ ಗುರ್ ಎಂಬ ಸದ್ದು. ಇಣುಕಿದರೆ ಖಾಲಿ ಕುರ್ಚಿ, ಎದುರಿಗೆ ಆನ್ ಆಗಿದ್ದ ಕಂಪ್ಯೂಟರು, ಪರದೆಯ ಮೇಲೆ ತಾವಾಗಿಯೇ ಸರಿಯುತ್ತಿದ್ದ ಅಕ್ಷರಗಳು. ಹಿರಿಯರು ನನ್ನ ಹಿಂದೆ ಸರಿದರು.

"ದಿನಾ ಮುಂಜಾನೆ ಪೂಜಿ ಮುಗಿಸಿ ನಾನ ಚಾಲೂ ಮಾಡ್ತೀನ್ರಿ" ಎಂದರು ಆಕೆ. "ಅವರು ಇದ್ದಾಗ ಹಂಗ ಮಾಡ್ತಿದ್ರು."

ನೋಡಿದೆ. ಕಂಪ್ಯೂಟರು ಶುರುವಾದ ಕೂಡಲೇ ಇಂಟರ್ನೆಟ್ಟಿನ ಮೂಲಕ ನಮ್ಮ ಕೋಡಿನಲ್ಲಿ ಜಾಗ ತಪ್ಪಿದ ಫೈಲುಗಳನ್ನು ತಮ್ಮ ಹೆಸರಿನಲ್ಲೇ ಮೊದಲಿನ ಜಾಗಕ್ಕೆ ಇಡುವಂತೆ ಮೇಷ್ಟ್ರು ಪ್ರೋಗ್ರಾಂ ಬರೆದಿಟ್ಟು ಹೋಗಿದ್ದರು. ಉಸಿರು ಬಂತು. ಆದರೆ ಅದನ್ನು ಬಂದ್ ಮಾಡಿ ಎಂದು ಆಕೆಗೆ ಹೇಳುವುದು ಹೇಗೆ? ತಡವರಿಸುತ್ತಲೇ ಹೇಳಿದೆ.

ಆಕೆ ಖಾಲಿ ಕುರ್ಚಿಯತ್ತ ತಿರುಗಿದರು. "ನನ್ನ ಅಡಗಿಮನ್ಯಾಗೂ ಒಂದು ಡಬ್ಬಿ ಅಲುಗಾಡಿಸಾಕ ಬಿಡ್ತಿರಲಿಲ್ರಿ" ಎಂದರು. ಆಮೇಲೆ ಬಗ್ಗಿ, ತಾವೇ ಇಂಟರ್ನೆಟ್ಟಿನ ವೈರು ಕಿತ್ತರು.

"ಮಷೀನ್ ಚಾಲೂ ಇರಲಿ. ಅವರು ಒದರೂದು ಒದರಲಿ, ನಿಮಗ ಕೇಳಸೂದಿಲ್ಲ. ಮೂವತ್ತು ವರ್ಷ ನಾನೂ ಹಿಂಗ ಸಂಸಾರ ಮಾಡೀನಿ!"